ಅಪ್‌ಡೇಟ್: ಮುಂದಕ್ಕೆ ತಳ್ತಾನೇ ಇದ್ದ ಆ ರಿಪೋರ್ಟ್ ಕೊನೆಗೂ ಮುಗೀತು

ಹೋದ ತಿಂಗಳು ಕೇಳಿದ್ದೆ, ಪ್ರಾಜೆಕ್ಟ್ ರಿಪೋರ್ಟ್ ಬರೀಬೇಕು ಬರೀಬೇಕು ಅಂತ ದಿನಾ ಲ್ಯಾಪ್‌ಟಾಪ್ ತೆಗೀತೀನಿ, ಆಮೇಲೆ ಇನ್ನೇನೋ ನೋಡ್ಕೊಂಡು ಕೂತ್ಬಿಡ್ತೀನಿ, ಏನ್ ಮಾಡ್ಲಿ ಅಂತ. ತುಂಬಾ ಜನ ಟೈಮ್‌ಟೇಬಲ್ ಹಾಕು ಅಂದ್ರಿ, ಹಾಕ್ದೆ, ಎರಡೇ ದಿನಕ್ಕೆ ಕೈಕೊಡ್ತು. ಕೆಲಸಕ್ಕೆ ಬಂದಿದ್ದು ಒಬ್ರು ಹೇಳಿದ್ದ "ಇಂಥದ್ದು ಆದ ತಕ್ಷಣ ಇಂಥದ್ದೇ ಮಾಡ್ತೀನಿ" ಅನ್ನೋ ಪ್ಲಾನ್. ಪೀಟರ್ ಗೋಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು 1999ರಲ್ಲೇ ಇದರ ಬಗ್ಗೆ ಬರ್ದಿದಾರೆ, ಯಾವಾಗ, ಎಲ್ಲಿ, ಹೇಗೆ ಅಂತ ಮೊದ್ಲೇ ಗೊತ್ತು ಮಾಡ್ಕೊಂಡಿದ್ರೆ ಆ ಹೊತ್ತಲ್ಲಿ ಮತ್ತೆ ಯೋಚ್ನೆ ಮಾಡ್ತಾ ಕೂರೋ ಅಗತ್ಯ ಇರಲ್ಲ.

ನಾನು ಚೀಟಿಲಿ ಬರ್ದಿದ್ದು ಇಷ್ಟೇ: ಹಲ್ಲುಜ್ಜಿ ಬ್ರಷ್ ಇಟ್ಟ ತಕ್ಷಣ ಮೇಜಿನ ಹತ್ರ ಹೋಗಿ, 2ನೇ ಅಧ್ಯಾಯದಲ್ಲಿ ಐದು ಸಾಲು. ಫೋನ್ ಇನ್ನೊಂದು ರೂಮಲ್ಲಿ. ಮೊದಲ್ನೇ ದಿನ ಮೂರೇ ಸಾಲು, ಅದೂ ಅಳಿಸಿ ಅಳಿಸಿ ಬರ್ದಿದ್ದು. ನಾಲ್ಕನೇ ದಿನ ಐದು ಸಾಲು ಅನ್ಕೊಂಡು ಕೂತೋಳು ಒಂದೂವರೆ ಪುಟ ಬರ್ದಿದ್ದೆ, ನನಗೇ ನಂಬೋಕಾಗ್ಲಿಲ್ಲ. ಸುಳ್ಳು ಯಾಕ್ ಹೇಳ್ಲಿ, ನಡುವೆ ಜ್ವರ ಬಂದು ಒಂದು ವಾರ ಪೂರ್ತಿ ಹೋಯ್ತು, ಆಮೇಲೆ ಮತ್ತೆ ಶುರು ಮಾಡೋಕೆ ಒದ್ದಾಡಿ ಐದು ಸಾಲನ್ನ ಎರಡಕ್ಕೆ ಇಳಿಸ್ಬೇಕಾಯ್ತು.

ನಿನ್ನೆ ರಾತ್ರಿ ಗೈಡ್‌ಗೆ ಕಳ್ಸಾಯ್ತು. ಮಡಚಬೇಕಾದ ಬಟ್ಟೆ ಮಾತ್ರ ಇನ್ನೂ ಕುರ್ಚಿ ಮೇಲೇ ಗುಡ್ಡೆ ಬಿದ್ದಿದೆ, ಅದಕ್ಕಿನ್ನೂ ಚೀಟಿ ಬರ್ದಿಲ್ಲ 😅