ಅಪ್‌ಡೇಟ್: ಪದ್ಮಿನಿ ಈಗ ದಿನಾ ಓಡುತ್ತಿದೆ

ರಿಪೇರಿ ಮಾಡಿಸಿದ 1978ರ ಪ್ರೀಮಿಯರ್ ಪದ್ಮಿನಿಯನ್ನು ಕಲಬುರಗಿ ಬಿಸಿಲಲ್ಲಿ ದಿನಾ ಓಡಿಸಬಹುದಾ, ಸೂಪರ್ ಮಾರ್ಕೆಟ್ ಏರಿಯಾದ ಟ್ರಾಫಿಕ್‌ನಲ್ಲಿ ಯಾಕೆ ಆಫ್ ಆಗುತ್ತದೆ ಅಂತ ಕೇಳಿದ್ದೆನಲ್ಲ? ಆರಾಮಾಗಿ ಓಡಿಸುತ್ತಿದ್ದೇನೆ.

ಕಾರ್ಬುರೇಟರ್ ಕ್ಲೀನ್ ಮಾಡಿಸಿದ್ದು ದಂಡ. ವೇಪರ್ ಲಾಕ್ (ಪೆಟ್ರೋಲ್ ಆವಿಯಾಗಿ ಇಂಜಿನ್‌ಗೆ ಹೋಗದಿರುವುದು) ಅಂದವರೇ ಗೆದ್ದರು. ಇದರ ಪೆಟ್ರೋಲ್ ಪಂಪ್ ಇಂಜಿನ್‌ಗೇ ಅಂಟಿಕೊಂಡಿರುತ್ತದೆ ಅಲ್ವಾ, ಕಾವು ಜಾಸ್ತಿಯಾದರೆ ಪೆಟ್ರೋಲ್ ಒಳಗೇ ಆವಿಯಾಗುತ್ತದೆ. ಆಫ್ ಆದಾಗ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿದೆ. ಸ್ವಲ್ಪ ಹೊತ್ತಿಗೆ ಸ್ಟಾರ್ಟ್! ಆಮೇಲೆ ಪೆಟ್ರೋಲ್ ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿ, ಶಾಖ ತಡೆಯುವ ಸ್ಲೀವ್ ಹಾಕಿಸಿದೆ. ಮತ್ತೆ ನಿಂತಿಲ್ಲ.

ಅಚ್ಚರಿ ಏನಂದರೆ, ಸುಮ್ನೆ ನಿಲ್ಲಿಸಿದ್ದಾಗ ಜಾಮ್ ಆಗುತ್ತಿದ್ದ ಹಿಂದಿನ ಬ್ರೇಕ್ ದಿನಾ ಓಡಿಸಿದ ಮೇಲೆ ಸರಿಯಾಗಿದೆ. ಮೇ ತಿಂಗಳ ಮಧ್ಯಾಹ್ನ ಮಾತ್ರ ಹೊರಗೆ ತೆಗೆಯುವುದಿಲ್ಲ. ಎಸಿ ಇಲ್ಲ, ನಾನೇ ಆವಿಯಾಗುತ್ತೇನೆ.