ಮಕ್ಕಳ ಹೊಡೆಯುವ ಸ್ವಭಾವ ರಕ್ತದಿಂದಲೇ ಬರುತ್ತದೆಯೇ?

ಪ್ರಶ್ನೆ

ನನ್ನ ಐದು ವರ್ಷದ ಮಗ ಸಿಟ್ಟು ಬಂದಾಗ ಜೊತೆಯ ಮಕ್ಕಳನ್ನು ಹೊಡೆಯುತ್ತಾನೆ, ಕೆಲವೊಮ್ಮೆ ಕಚ್ಚುತ್ತಾನೆ. ಅವನ ತಂದೆಯೂ ಚಿಕ್ಕಂದಿನಲ್ಲಿ ಹೀಗೆಯೇ ಇದ್ದರೆಂದೂ, ಇದು ರಕ್ತಗುಣವಾದ್ದರಿಂದ ಏನು ಮಾಡಿದರೂ ಹೋಗದೆಂದೂ ಅತ್ತೆಯವರು ಹೇಳುತ್ತಾರೆ. ಆಕ್ರಮಣಕಾರಿ ವರ್ತನೆ ಅರ್ಧದಷ್ಟು ಆನುವಂಶಿಕವೆಂದು ಓದಿದ ಮೇಲೆ ನನ್ನ ಆತಂಕ ಹೆಚ್ಚಾಗಿದೆ. ಅವನ ಸ್ವಭಾವದ ಅರ್ಧ ಭಾಗ ಹುಟ್ಟುವಾಗಲೇ ನಿಶ್ಚಯವಾಗಿದೆ ಎಂದು ಇದರ ಅರ್ಥವೇ? ಜೀನ್ ಪರೀಕ್ಷೆ ಮಾಡಿಸಿದರೆ ಏನಾದರೂ ತಿಳಿಯುತ್ತದೆಯೇ?

ಉತ್ತರ 1

ಹಾಗೆ ಅರ್ಥವಲ್ಲ. ಈ ಅರ್ಧದ ಲೆಕ್ಕ ಬಂದಿರುವುದು ಮುಖ್ಯವಾಗಿ ಅವಳಿ ಮಕ್ಕಳ ಅಧ್ಯಯನಗಳಿಂದ. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳ ವರ್ತನೆ ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳ ವರ್ತನೆಗಿಂತ ಎಷ್ಟು ಹೆಚ್ಚು ಹೋಲುತ್ತದೆ ಎಂಬುದನ್ನು ನೋಡಿ, ಒಂದು ಸಮೂಹದ ಮಕ್ಕಳ ನಡುವೆ ಕಾಣುವ ವ್ಯತ್ಯಾಸದಲ್ಲಿ ಜೀನುಗಳ ಪಾಲು ಎಷ್ಟೆಂದು ಅಂದಾಜು ಮಾಡುತ್ತಾರೆ. ಅದು ಸಮೂಹಕ್ಕೆ ಸಂಬಂಧಿಸಿದ ಅಂದಾಜು. ನಿಮ್ಮ ಮಗನೊಬ್ಬನನ್ನು ಎರಡು ಭಾಗ ಮಾಡಿ ಇದು ರಕ್ತದ್ದು, ಇದು ಮನೆಯದು ಎಂದು ಹೇಳಲು ಅದರಿಂದ ಸಾಧ್ಯವಿಲ್ಲ.

ವಯಸ್ಸನ್ನೂ ಗಮನಿಸಬೇಕು. ಕೆನಡಾದ ಮನೋವಿಜ್ಞಾನಿ ರಿಚರ್ಡ್ ಟ್ರೆಂಬ್ಲೆ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಂಡುಕೊಂಡಂತೆ, ಹೊಡೆಯುವುದು, ತಳ್ಳುವುದು, ಕಚ್ಚುವುದು ಎರಡರಿಂದ ನಾಲ್ಕು ವರ್ಷದ ನಡುವೆ ಅತಿ ಹೆಚ್ಚಾಗಿದ್ದು, ಮಾತು ಮತ್ತು ಸಂಯಮ ಬೆಳೆದಂತೆ ಬಹುಪಾಲು ಮಕ್ಕಳಲ್ಲಿ ಇಳಿಯುತ್ತಾ ಹೋಗುತ್ತದೆ. ಅಂದರೆ ಮಕ್ಕಳು ಮುಖ್ಯವಾಗಿ ಕಲಿಯಬೇಕಾಗಿರುವುದು ಹೊಡೆಯದೆ ಇರುವುದನ್ನು. ಆ ಕಲಿಕೆ ಕೆಲವರಿಗೆ ಹೆಚ್ಚು ಕಷ್ಟವಾಗುವುದರಲ್ಲಿ ಜೀನುಗಳ ಪಾತ್ರವಿದೆ.

ಉತ್ತರ 2

ಪರೀಕ್ಷೆಯ ವಿಷಯ ಹೇಳುತ್ತೇನೆ. ಈ ಸಂದರ್ಭದಲ್ಲಿ ಹೆಚ್ಚು ಕೇಳಿಬರುವ ಹೆಸರು ಎಂಎಒಎ ಜೀನ್. ಇದು ಎಕ್ಸ್ ವರ್ಣತಂತುವಿನಲ್ಲಿದ್ದು, ಸೆರೊಟೋನಿನ್, ಡೋಪಮಿನ್‌ನಂಥ ಮಿದುಳಿನ ರಾಸಾಯನಿಕಗಳನ್ನು ಒಡೆಯುವ ಕಿಣ್ವವನ್ನು ತಯಾರಿಸುತ್ತದೆ. ನ್ಯೂಜಿಲೆಂಡಿನ ಡನೀಡನ್‌ನಲ್ಲಿ ಹುಟ್ಟಿನಿಂದ ಗಮನಿಸಲ್ಪಟ್ಟವರ ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ಕಿಣ್ವ ಕಡಿಮೆ ತಯಾರಾಗುವಂಥ ಜೀನ್ ರೂಪವನ್ನು ಪಡೆದಿದ್ದು, ಬಾಲ್ಯದಲ್ಲಿ ತೀವ್ರ ದೌರ್ಜನ್ಯವನ್ನೂ ಅನುಭವಿಸಿದ ಗಂಡುಮಕ್ಕಳಲ್ಲಿ ಮುಂದೆ ಸಮಾಜವಿರೋಧಿ ವರ್ತನೆ ಹೆಚ್ಚಾಗಿ ಕಂಡಿತು. ಅದೇ ರೂಪವಿದ್ದೂ ದೌರ್ಜನ್ಯಕ್ಕೆ ಒಳಗಾಗದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಆ ರೂಪ ಸಾಮಾನ್ಯ ಜನರಲ್ಲಿಯೂ ಬಹಳ ಮಂದಿಗೆ ಇರುವುದರಿಂದ, ಅದನ್ನು 'ಹಿಂಸೆಯ ಜೀನ್' ಎಂದು ಕರೆಯುವುದು ದೊಡ್ಡ ತಪ್ಪು. ನಿಜದಲ್ಲಿ ಒಂದೊಂದರ ಪ್ರಭಾವ ಅತಿ ಸಣ್ಣದಾಗಿರುವ ಅಸಂಖ್ಯ ಜೀನ್ ವ್ಯತ್ಯಾಸಗಳು ಇಲ್ಲಿ ಕೂಡಿ ಕೆಲಸ ಮಾಡುತ್ತವೆ. ಒಂದು ಮಗು ಮುಂದೆ ಹೇಗೆ ವರ್ತಿಸುತ್ತದೆಂದು ಹೇಳುವ ಪರೀಕ್ಷೆ ಇಂದು ಇಲ್ಲ. ದಯವಿಟ್ಟು ಅದಕ್ಕೆ ಹಣ ಕಳೆಯಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಮಗ ಹೊಡೆದಾಗ ನನ್ನ ಯಜಮಾನರು ತಾಳ್ಮೆ ಕಳೆದುಕೊಂಡು ಅವನಿಗೆ ಎರಡೇಟು ಹಾಕುತ್ತಾರೆ. ಇದನ್ನು ಜೀನ್ ಎನ್ನಬೇಕೇ, ಪರಿಸರ ಎನ್ನಬೇಕೇ?

ಉತ್ತರ 1

ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ, ಮತ್ತು ನನಗೆ ಇಡೀ ಚರ್ಚೆಯಲ್ಲಿ ಅತಿ ಮುಖ್ಯವೆನಿಸುವುದು ಇದೇ. ತಂದೆ ಮಗನಿಗೆ ಬೇಗ ಕೆರಳುವ ಪ್ರವೃತ್ತಿಯನ್ನೂ ಕೊಟ್ಟಿರಬಹುದು, ಅದೇ ಪ್ರವೃತ್ತಿಯಿಂದ ಮನೆಯಲ್ಲಿ ಏಟಿನ ವಾತಾವರಣವನ್ನೂ ಉಂಟುಮಾಡುತ್ತಿರಬಹುದು. ಇದರ ಜೊತೆಗೆ ಮಗುವಿನ ಸ್ವಭಾವವೇ ಹಿರಿಯರಿಂದ ಒರಟು ಪ್ರತಿಕ್ರಿಯೆಯನ್ನು ಹೊರಡಿಸುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ದತ್ತು ಮಕ್ಕಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆತ್ತ ತಾಯಿಯ ಕಡೆಯಿಂದ ಸಮಾಜವಿರೋಧಿ ವರ್ತನೆಯ ಆನುವಂಶಿಕ ಅಪಾಯವನ್ನು ಪಡೆದ ಮಕ್ಕಳು, ತಮಗೆ ರಕ್ತಸಂಬಂಧವೇ ಇಲ್ಲದ ದತ್ತು ಪೋಷಕರಿಂದಲೂ ಹೆಚ್ಚು ಕಠಿಣ ನಡವಳಿಕೆಗೆ ಒಳಗಾಗಿದ್ದರು. ಆ ಕಠಿಣತೆ ಮತ್ತೆ ಮಗುವಿನ ಸಿಟ್ಟನ್ನು ಬೆಳೆಸುತ್ತದೆ. ಈ ಸುತ್ತನ್ನು ಮಗು ತಾನಾಗಿ ಮುರಿಯಲಾರದು, ಹಿರಿಯರು ಮುರಿಯಬಹುದು.

ಆದ್ದರಿಂದ ಏಟನ್ನು ಪೂರ್ತಿ ನಿಲ್ಲಿಸಿ. ಅವನು ಕೈ ಎತ್ತಿದಾಗ ಸಿಟ್ಟಾಗದೆ ಕೈಹಿಡಿದು ತಡೆದು, ಒಂದೇ ವಾಕ್ಯದಲ್ಲಿ ಬೇಡವೆಂದು ಹೇಳಿ, ಅಲ್ಲಿಂದ ಪಕ್ಕಕ್ಕೆ ಕರೆದೊಯ್ಯಿರಿ. ಹೊಡೆಯದೆ ಸುಧಾರಿಸಿಕೊಂಡ ಸಂದರ್ಭಗಳನ್ನು ತಪ್ಪದೆ ಮೆಚ್ಚಿ ಮಾತಾಡಿ. ನಿಮ್ಮ ಯಜಮಾನರೂ ಇದರಲ್ಲಿ ಸೇರಲೇಬೇಕು. ತಾವು ಚಿಕ್ಕಂದಿನಲ್ಲಿ ಹೀಗಿದ್ದವರಾದರೆ, ತಮಗೆ ಆಗ ಯಾವುದು ನೆರವಾಯಿತೆಂದು ಅವರೇ ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲರು. ಹೊಡೆತ ತಿಂಗಳುಗಟ್ಟಲೆ ಕಡಿಮೆಯಾಗದಿದ್ದರೆ, ಬೇರೆ ಮಕ್ಕಳಿಗೆ ಗಾಯವಾಗುತ್ತಿದ್ದರೆ, ಅಥವಾ ಅವನ ಮಾತು ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲವೆನಿಸಿದರೆ, ಮಕ್ಕಳ ಮನೋವೈದ್ಯರನ್ನು ತಡಮಾಡದೆ ಕಾಣಿರಿ, ಮನೆಯಲ್ಲಿ ಬೀಳುತ್ತಿದ್ದ ಏಟಿನ ಸಂಗತಿಯನ್ನೂ ಅವರಿಂದ ಮುಚ್ಚಿಡಬೇಡಿ.