2,000 ಪೌಂಡು ಗೇಣಿ ಬರುವ ಇಂಗ್ಲಿಷ್ ಜಮೀನ್ದಾರನಿಗೆ ಸಾಲ ಯಾಕೆ?

ಪ್ರಶ್ನೆ
18ನೇ ಶತಮಾನದ ಇಂಗ್ಲೆಂಡಿನ ಹಳ್ಳಿಗಾಡಿನ ಜಮೀನ್ದಾರ, ವರ್ಷಕ್ಕೆ 2,000 ಪೌಂಡು ಗೇಣಿ. ಆದರೂ ಮೈತುಂಬ ಸಾಲ. ಬೇಟೆ, ಕುದುರೆ, ಔತಣಕ್ಕೇ ಅಷ್ಟೂ ಹೋಗುತ್ತಿತ್ತೇ? ಒಂದಿಷ್ಟು ಹೊಲ ಮಾರಿ ತೀರಿಸಬಾರದಿತ್ತೇ?

ಉತ್ತರ 1
ಮಾರುವ ಹಕ್ಕೇ ಅವನಿಗೆ ಇರುತ್ತಿರಲಿಲ್ಲ. ಮದುವೆ ಹೊತ್ತಿನಲ್ಲಿ ಬರೆಸುತ್ತಿದ್ದ ಆಸ್ತಿ ಕರಾರಿನಂತೆ ಅವನು ಬದುಕಿರುವತನಕ ಅನುಭವಿಸುವವನು ಅಷ್ಟೆ. ಆಸ್ತಿ ಮುಂದೆ ಹುಟ್ಟುವ ಹಿರಿಮಗನದು. ಮಗನಿಗೆ 21 ತುಂಬಿದರೆ ಇಬ್ಬರೂ ಸೇರಿ ಅದನ್ನು ಮುರಿಯಬಹುದು. ಆದರೆ ಆಗಲೇ ಅಪ್ಪ ವರ್ಷಕ್ಕಿಷ್ಟು ಅಂತ ಕೈಖರ್ಚು ಗೊತ್ತುಮಾಡಿ ಹೊಸ ಕರಾರಿಗೆ ರುಜು ಹಾಕಿಸಿಕೊಳ್ಳುತ್ತಿದ್ದ. ಬರಿಗೈ ಹುಡುಗ ಒಲ್ಲೆ ಅಂದಾನೆಯೇ?

ಲೆಕ್ಕ ಹೀಗೆ ಹಿಡಿಯಿರಿ. ಜಮೀನ್ದಾರನ ತಾಯಿ ತಂದ ವರದಕ್ಷಿಣೆ 3,000 ಆಗಿದ್ದರೆ, ವಾಡಿಕೆಯಂತೆ ಅದರ ಹತ್ತನೇ ಒಂದು ಪಾಲು, 300 ಪೌಂಡು, ವಿಧವೆಯಾದ ಮೇಲೆ ಆಕೆಗೆ ಪ್ರತಿವರ್ಷ ಸಲ್ಲಬೇಕು. ಅವನ ತಮ್ಮಂದಿರು, ತಂಗಿಯರ ಪಾಲು 8,000. ನಗದಿಲ್ಲ, ಹಾಗಾಗಿ ಅಡಮಾನ. ಬಡ್ಡಿ 1714ರ ಕಾನೂನಿನ ಗರಿಷ್ಠ ಮಿತಿ ಶೇ. 5 ಅಂದರೂ 400. ಭೂಕಂದಾಯ ಯುದ್ಧಕಾಲದಲ್ಲಿ ಪೌಂಡಿಗೆ 4 ಶಿಲ್ಲಿಂಗ್, ಐದರಲ್ಲೊಂದು. ಪುಣ್ಯಕ್ಕೆ ಕಂದಾಯಕ್ಕೆ ಹಿಡಿಯುತ್ತಿದ್ದದ್ದು 1690ರ ದಶಕದಲ್ಲಿ ಕಟ್ಟಿದ ಹಳೇ ವಾರ್ಷಿಕ ಮೌಲ್ಯ. 1,000ಕ್ಕೆ ಕಟ್ಟಿದ್ದರೆ 200. ಉಳಿದದ್ದು 1,100. ಬಂಗಲೆ ರಿಪೇರಿ, ಆಳುಕಾಳು, ಬೇಟೆನಾಯಿ ಎಲ್ಲ ಇದರೊಳಗೇ.

ಉತ್ತರ 2
ಪಾರ್ಲಿಮೆಂಟಿನಲ್ಲಿ ಖಾಸಗಿ ಕಾಯ್ದೆ ಮಾಡಿಸಿಕೊಂಡು ಮಾರಿದವರೂ ಇದ್ದಾರೆ, ಖರ್ಚು ಮಾತ್ರ ವಿಪರೀತ. ಇನ್ನು ಆ 2,000 ಕೂಡ ಕಾಗದದ ಮೇಲಿನದು. ಗೇಣಿ ಸಾಮಾನ್ಯವಾಗಿ ಎರಡು ಕಂತು, ಮಾರ್ಚ್ 25 ಮತ್ತು ಸೆಪ್ಟೆಂಬರ್ 29. ಅರ್ಧ ವರ್ಷದ ಬಾಕಿ ಮಾಮೂಲು. ಒಕ್ಕಲಿನ ದನಕರು ಜಪ್ತಿ ಮಾಡಬಹುದಿತ್ತು. ಆದರೆ ಉಳುವ ಕುದುರೆ ಹೋದರೆ ಹೊಲ ಬೀಳು, ಬೇರೆ ಒಕ್ಕಲು ಸಿಗುವತನಕ ಗೇಣಿ ಸೊನ್ನೆ. 1730-40ರ ದಶಕಗಳಲ್ಲಿ ಧಾನ್ಯದ ಬೆಲೆ ಕುಸಿದು, ದನಗಳಿಗೂ ರೋಗ ಬಡಿದಾಗ, ಎಷ್ಟೋ ಕಡೆ ಪಾರುಪತ್ಯಗಾರರು ಬಾಕಿ ಮನ್ನಾ ಮಾಡಿ ಒಕ್ಕಲನ್ನು ಉಳಿಸಿಕೊಂಡರು.

ಉತ್ತರ 3
ಗೇಣಿ ಏರಿಸುವ ದಾರಿ ನಾರ್ಫೋಕ್ ಸರದಿ, ಅಂದರೆ ಒಂದೇ ಹೊಲದಲ್ಲಿ ವರ್ಷಕ್ಕೊಂದರಂತೆ ನಾಲ್ಕು ಬೆಳೆ: ಗೋಧಿ, ಟರ್ನಿಪ್, ಬಾರ್ಲಿ, ಕ್ಲೋವರ್. ಕೆಡುವುದು ಟರ್ನಿಪ್‌ನಲ್ಲೇ. ಎರಡು ಸಲ ಕಳೆ ತೆಗೆದು ಸಸಿ ತೆಳುಮಾಡದಿದ್ದರೆ ಗೆಡ್ಡೆ ಕಟ್ಟುವುದಿಲ್ಲ. ಎಳೆ ಎಲೆಗೆ ಚಿಗಟದಂತೆ ನೆಗೆಯುವ ಪುಟ್ಟ ಜೀರುಂಡೆ ತೂತು ಕೊರೆದರೆ ಮತ್ತೆ ಬಿತ್ತನೆ. ಮರಳುಮಿಶ್ರಿತ ಹೊಲದಲ್ಲಿ ಚಳಿಗಾಲ ಕುರಿ ಮಂದೆ ಬಿಟ್ಟರೆ ಮೇವೂ ಆಯಿತು, ಗೊಬ್ಬರವೂ ಆಯಿತು. ಜೇಡಿ ನೆಲದಲ್ಲಿ ಅದೇ ಮಂದೆ ಕೆಸರು ತುಳಿದು ಗಟ್ಟಿಮಾಡಿ ಮುಂದಿನ ಬಾರ್ಲಿಯನ್ನು ಕೆಡಿಸುತ್ತದೆ. ಹೊಲಕ್ಕೆ ಸುಣ್ಣದಂಶದ ಮಣ್ಣು ಹೊಡೆಸುವುದು ವರ್ಷಗಟ್ಟಲೆ ಫಲ ಕೊಡುವ ಖರ್ಚು, ಒಂದು ವರ್ಷದ ಗುತ್ತಿಗೆಯವನು ಅದಕ್ಕೆ ಕೈಹಾಕುವುದಿಲ್ಲ. 1776ರಲ್ಲಿ ನಾರ್ಫೋಕ್‌ನ ಹೋಲ್ಕಮ್ ಎಸ್ಟೇಟು ಪಡೆದ ಥಾಮಸ್ ಕೋಕ್ 21 ವರ್ಷದ ಗುತ್ತಿಗೆ ಕೊಡುತ್ತಿದ್ದದ್ದು ಇದೇ ಕಾರಣಕ್ಕೆ. ಆ ಕಾಲದ ಗುತ್ತಿಗೆಪತ್ರ ಸಿಕ್ಕರೆ, ಗೊಬ್ಬರ ಹೊಲಕ್ಕೇ ಉಳಿಯಲೆಂದು ಒಣಹುಲ್ಲನ್ನು ಹೊರಗೆ ಮಾರಬಾರದೆಂಬ ಷರತ್ತು ಇದೆಯೇ ನೋಡಿ.